ಇಂಜಿನ್ ಆಯಿಲ್ ಬದಲಾಯಿಸೋದು ಯಾವಾಗ? ಕೀಲೆಣ್ಣೆಯಿಂದ 10,000 ಕಿಲೋಮೀಟರ್‌ವರೆಗೆ

ಇವತ್ತು ನಾನು ಹೇಳೋದು ಒಂದು ಅಂಕಿಯ ಇತಿಹಾಸ. ಕಾರಿನ ಇಂಜಿನ್ ಆಯಿಲನ್ನು ಎಷ್ಟು ಕಿಲೋಮೀಟರಿಗೊಮ್ಮೆ ಬದಲಾಯಿಸಬೇಕು? ಹಳೇ ಡ್ರೈವರ್ ಒಬ್ಬರನ್ನ ಕೇಳಿದ್ರೆ 3,000 ಅಂತಾರೆ. ಗ್ಯಾರೇಜಿನವರು 5,000 ಅಂತಾರೆ. ಕಾರಿನ ಜೊತೆ ಬಂದ ಪುಸ್ತಕ ತೆಗೆದರೆ 10,000 ಅಂತಿರುತ್ತೆ. ಮೂವರಲ್ಲಿ ಯಾರೂ ಸುಳ್ಳು ಹೇಳ್ತಿಲ್ಲ. ಒಂದೊಂದು ಅಂಕಿ ಒಂದೊಂದು ಕಾಲದಲ್ಲಿ ಹುಟ್ಟಿದ್ದು, ಅಷ್ಟೇ. ಯಾವ ಕಾಲದ ಅಂಕಿ ನಮ್ಮ ಗಾಡಿಗೆ ಹೊಂದುತ್ತೆ ಅನ್ನೋದೇ ಪ್ರಶ್ನೆ.

ಈ ಲೆಕ್ಕ ನೋಡೋಕೆ ನಾನು ಆರಿಸಿಕೊಂಡ ಊರು ಚಿನಕುರಳಿ. ಹೆಸರು ಕೇಳಿದ ತಕ್ಷಣ ಪತ್ರಿಕೆಯ ವ್ಯಂಗ್ಯಚಿತ್ರ ನೆನಪಾಗಬಹುದು, ನಾನು ಹೇಳ್ತಿರೋದು ಮಂಡ್ಯ ಜಿಲ್ಲೆ ಪಾಂಡವಪುರ ತಾಲ್ಲೂಕಿನ ಹೋಬಳಿ ಕೇಂದ್ರ. ಒಂದು ಕಡೆ ಕಬ್ಬಿನ ಗದ್ದೆ, ಇನ್ನೊಂದು ಕಡೆ ಬೇಬಿ ಬೆಟ್ಟದ ಕಲ್ಲು. ಇಂಜಿನ್ನಿಗೆ ಬರುವ ಕಷ್ಟಗಳೆಲ್ಲ ಇಲ್ಲಿ ಒಂದೇ ಹೋಬಳಿಯಲ್ಲಿ ಸಿಗ್ತವೆ.

ಕಾರು ಬರೋ ಮುಂಚೆಯೂ ನಮ್ಮ ಹಳ್ಳಿಗಳಲ್ಲಿ ಈ ಲೆಕ್ಕ ಇತ್ತು. ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕ್ತಿದ್ರು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ ಜಿಡ್ಡು ಅದು. ಗಾಡಿ ಕೆಳಗೆ ಬಿದಿರಿನ ಗೊಟ್ಟದಲ್ಲಿ ನೇತಾಡ್ತಿತ್ತು. ಎಷ್ಟು ಮೈಲಿಗೆ ಹಾಕಬೇಕು ಅಂತ ಯಾರೂ ಬರೆದಿಡಲಿಲ್ಲ. ಧೂಳಿನ ದಾರಿಯಾದ್ರೆ ಬೇಗ, ಹೊರೆ ಜಾಸ್ತಿಯಾದ್ರೆ ಇನ್ನೂ ಬೇಗ, ಚಕ್ರ ಕಿರುಗುಟ್ಟಿದ್ರೆ ಆಗಲೇ ತಡವಾಯ್ತು ಅಂತ ಲೆಕ್ಕ. ಈ ಮಾತು ನೆನಪಲ್ಲಿಡಿ, ನೂರು ವರ್ಷ ಸುತ್ತಿಕೊಂಡು ಮತ್ತೆ ಇಲ್ಲಿಗೇ ಬರ್ತೀವಿ.

ಹರಳೆಣ್ಣೆ ಗಾಡಿಯ ಅಚ್ಚಿಗಷ್ಟೇ ಸೀಮಿತವಾಗಿರಲಿಲ್ಲ. 1909ರಲ್ಲಿ ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿ ಖನಿಜ ತೈಲಕ್ಕೆ ಹರಳೆಣ್ಣೆ ಬೆರೆಸಿ ಮಾರಿದ ಎಣ್ಣೆಯ ಹೆಸರೇ ಕ್ಯಾಸ್ಟ್ರಾಲ್. ಕ್ಯಾಸ್ಟರ್ ಅಂದ್ರೆ ಹರಳು. ಮೊದಲ ಮಹಾಯುದ್ಧದ ವಿಮಾನಗಳೂ ಹರಳೆಣ್ಣೆಯ ಮೇಲೆ ಹಾರಿದವು. ಜಾರುವ ಗುಣದಲ್ಲಿ ಅದಕ್ಕೆ ಸಾಟಿ ಇರಲಿಲ್ಲ. ಆದ್ರೆ ಬಿಸಿಗೆ ಬೇಗ ಅಂಟು ಕಟ್ತಿತ್ತು. ಹಾಗಾಗಿ ಆಗಾಗ ತೆಗೆದು ಹೊಸದು ಹಾಕಲೇಬೇಕಿತ್ತು.

ಅದೇ ಕಾಲದಲ್ಲಿ ಅಮೆರಿಕದಲ್ಲಿ ಫೋರ್ಡ್ ಕಂಪನಿಯ ಮಾಡೆಲ್ ಟಿ ಓಡಾಡ್ತಿತ್ತು. ಅದರ ಪುಸ್ತಕದಲ್ಲಿ, ಹೊಸ ಗಾಡಿ 400 ಮೈಲಿ ಓಡಿದ ಮೇಲೆ ಆಯಿಲ್ ಇಳಿಸಿ, ಆಮೇಲೆ ಸುಮಾರು 750 ಮೈಲಿಗೊಮ್ಮೆ ಇಳಿಸಿ ಅಂತ ಇತ್ತು. ಅಂದ್ರೆ ಸುಮಾರು 1,200 ಕಿಲೋಮೀಟರ್! ಇವತ್ತು ನಗು ಬರುತ್ತೆ. ಆದ್ರೆ ಆ ಇಂಜಿನ್ನಿಗೆ ಆಯಿಲ್ ಫಿಲ್ಟರೂ ಇರಲಿಲ್ಲ, ಏರ್ ಫಿಲ್ಟರೂ ಇರಲಿಲ್ಲ. ದಾರಿಯ ಧೂಳು ನೇರವಾಗಿ ಒಳಗೆ ಹೋಗಿ ಆಯಿಲಿನಲ್ಲಿ ಸೇರಿ ಉಪ್ಪುಕಾಗದದ ಹಾಗೆ ಉಜ್ಜುತ್ತಿತ್ತು.

ಈ ಅಂಕಿ ಹಿಗ್ಗಿದ್ದು ಮೂರು ಹೆಜ್ಜೆಗಳಲ್ಲಿ.

ಮೊದಲನೆಯದು ಫಿಲ್ಟರ್. 1923ರಲ್ಲಿ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಕಾರಿಗೆ ಕೂರಿಸುವ ಆಯಿಲ್ ಫಿಲ್ಟರ್ ತಂದರು. ಕಸ ಹಿಡಿಯೋಕೆ ಒಂದು ಜಾಗ ಸಿಕ್ತು.

ಎರಡನೆಯದು ಆಯಿಲಿನೊಳಗಿನ ಸಾಬೂನು. 1930ರ ದಶಕದಲ್ಲಿ ಡೀಸೆಲ್ ಟ್ರ್ಯಾಕ್ಟರುಗಳ ಪಿಸ್ಟನ್ ರಿಂಗುಗಳು ಮಸಿ ಕಟ್ಟಿ ಕಚ್ಚಿಕೊಳ್ತಿದ್ದವು. ಅದಕ್ಕೆ ಪರಿಹಾರವಾಗಿ, ಮಸಿಯನ್ನು ತೊಳೆದು ತನ್ನಲ್ಲೇ ತೇಲಿಸಿಟ್ಟುಕೊಳ್ಳುವ ಡಿಟರ್ಜೆಂಟ್ ಆಯಿಲ್ 1935ರ ಹೊತ್ತಿಗೆ ಬಂತು. ನಮ್ಮಲ್ಲಿ ಈಗಲೂ ಕಡ್ಡಿ ತೆಗೆದು ನೋಡಿ "ಕಪ್ಪಾಗಿದೆ ಸಾರ್, ಆಯಿಲ್ ಹೋಗಿದೆ" ಅಂತಾರಲ್ಲ, ಆ ಮಾತಿಗೆ ಉತ್ತರ ಇಲ್ಲಿದೆ. ಡೀಸೆಲ್ ಗಾಡಿಯಲ್ಲಿ ಹೊಸ ಆಯಿಲ್ ಹಾಕಿ ಸ್ವಲ್ಪ ಓಡಿಸಿದರೇ ಕಪ್ಪಾಗುತ್ತೆ. ಮಸಿ ಇಂಜಿನ್ ಗೋಡೆಗೆ ಅಂಟದೆ ಆಯಿಲಿಗೆ ಬಂದಿದೆ ಅಂತ ಅರ್ಥ. ಬಣ್ಣ ನೋಡಿ ತೀರ್ಪು ಕೊಡೋ ಹಾಗಿಲ್ಲ.

ಮೂರನೆಯದು ಮಲ್ಟಿಗ್ರೇಡ್ ಆಯಿಲ್. 1950ರ ದಶಕದಲ್ಲಿ ಬಂದದ್ದು. ಬೆಳಗ್ಗೆ ತಣ್ಣಗಿದ್ದಾಗ ತೀರಾ ಗಟ್ಟಿಯಾಗದೆ, ಮಧ್ಯಾಹ್ನ ಕಾದಾಗ ತೀರಾ ನೀರಾಗದೆ ಇರುವಂಥದ್ದು. ಡಬ್ಬದ ಮೇಲೆ 20ಡಬ್ಲ್ಯೂ-40, 5ಡಬ್ಲ್ಯೂ-30 ಅಂತ ಇರುತ್ತಲ್ಲ, ಅದೇ. ಈ ಹೊತ್ತಿಗೆ ಅಮೆರಿಕದಲ್ಲಿ 3,000 ಮೈಲಿ ಅನ್ನೋದು ಜನರ ಬಾಯಲ್ಲಿ ಕೂತುಬಿಡ್ತು. ಕಿಲೋಮೀಟರ್ ಲೆಕ್ಕದಲ್ಲಿ ಅದು ಸುಮಾರು 4,800. ನಮ್ಮ 5,000ಕ್ಕೆ ಎಷ್ಟು ಹತ್ತಿರ ನೋಡಿ.

ಈಗ ನಮ್ಮ ಕಡೆ ಬರೋಣ. 1957ರ ಸುಮಾರಿಗೆ ಶುರುವಾಗಿ 2014ರವರೆಗೆ ತಯಾರಾದ ಅಂಬಾಸಿಡರ್ ಮೂಲತಃ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ವಿನ್ಯಾಸ ತಂಪು ದೇಶದ್ದು, ಓಡಿದ್ದು ನಮ್ಮ ಕೆಮ್ಮಣ್ಣಿನ ದಾರಿಯಲ್ಲಿ. ಆ ತಲೆಮಾರಿನವರ ಬಾಯಲ್ಲಿ ಒಂದು ಮಾತು ಸಾಮಾನ್ಯವಾಗಿತ್ತು: "ಇಂಜಿನ್ ಬೋರ್‌ಗೆ ಬಂದಿದೆ." ಸಿಲಿಂಡರ್ ಸವೆದು ಆಯಿಲ್ ಉರಿಸೋಕೆ ಶುರುಮಾಡಿದೆ, ಬಿಚ್ಚಿ ರೀಬೋರ್ ಮಾಡಿಸಬೇಕು ಅಂತ. ಆಗ ಅದು ಗಾಡಿಯ ಆಯುಸ್ಸಿನಲ್ಲಿ ಬರಲೇಬೇಕಾದ ಘಟ್ಟ ಅಂತ ಜನ ಒಪ್ಪಿಕೊಂಡಿದ್ರು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ, ಇಂಜಿನ್ ಬಿಚ್ಚದೆಯೂ ಲಕ್ಷ ಕಿಲೋಮೀಟರ್ ದಾಟಬಹುದು ಅನ್ನೋ ನಿರೀಕ್ಷೆ ಮಧ್ಯಮ ವರ್ಗದ ಮನೆಗಳಿಗೆ ಬಂತು.

ಇದರ ಜೊತೆ ಸದ್ದಿಲ್ಲದೆ ಬದಲಾದದ್ದು ಇಂಧನ. ಡೀಸೆಲ್‌ನಲ್ಲಿ ಗಂಧಕ ಇರುತ್ತೆ. ಉರಿದಾಗ ಅದು ಆಮ್ಲವಾಗಿ ಆಯಿಲಿಗೆ ಇಳಿಯುತ್ತೆ. ಆ ಆಮ್ಲವನ್ನು ತಣಿಸೋ ಕ್ಷಾರ ಆಯಿಲಿನಲ್ಲಿ ಇರುತ್ತೆ, ಕ್ಷಾರ ಮುಗಿದ ಮೇಲೆ ಆಮ್ಲ ಬೇರಿಂಗುಗಳನ್ನು ತಿನ್ನೋಕೆ ಶುರು. 2000ದ ಸುಮಾರಿಗೆ ನಮ್ಮ ಡೀಸೆಲ್‌ನಲ್ಲಿ ಗಂಧಕ 2,500 ಪಿಪಿಎಂವರೆಗೆ ಇರಬಹುದಿತ್ತು. 2017ರ ಏಪ್ರಿಲ್‌ನಲ್ಲಿ ಬಿಎಸ್-4 ದೇಶಕ್ಕೆಲ್ಲ ಬಂದಾಗ ಆ ಮಿತಿ 50 ಆಯ್ತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದು 10ಕ್ಕೆ ಇಳೀತು. ಒಳ್ಳೇ ಆಯಿಲ್, ಒಳ್ಳೇ ಫಿಲ್ಟರ್, ಶುದ್ಧ ಇಂಧನ ಮೂರೂ ಸೇರಿದ್ದರಿಂದಲೇ ಇವತ್ತು ಹಲವು ಕಂಪನಿಗಳು 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಅಂತ ಧೈರ್ಯವಾಗಿ ಬರೀತಾವೆ.

ಹಾಗಾದ್ರೆ ಚಿನಕುರಳಿಯ ಕಾರಿಗೂ 10,000 ಸಾಕಾ? ಅದೇ ಪುಸ್ತಕದ ಇನ್ನೊಂದು ಪುಟ ನೋಡಿ. ಧೂಳು, ಸಣ್ಣ ಓಡಾಟ, ನಿಂತಲ್ಲೇ ಇಂಜಿನ್ ಓಡಿಸೋದು, ಭಾರ ಎಳೆಯೋದು ಇದ್ರೆ ಇನ್ನೂ ಬೇಗ ಬದಲಾಯಿಸಿ ಅಂತ ಸಾಮಾನ್ಯವಾಗಿ ಇರುತ್ತೆ. ಆ ಪಟ್ಟಿ ಓದಿದ್ರೆ ನಮ್ಮೂರನ್ನ ನೋಡಿಯೇ ಬರೆದ ಹಾಗಿದೆ!

ಧೂಳಿನ ವಿಷಯ: ಬೇಬಿ ಬೆಟ್ಟದ ಸುತ್ತ ವರ್ಷಗಟ್ಟಲೆ ಟಿಪ್ಪರ್‌ಗಳು ಓಡಾಡಿವೆ. ಕೆಆರ್‌ಎಸ್ ಅಣೆಕಟ್ಟೆಯ ಸುರಕ್ಷತೆಗಾಗಿ 20 ಕಿಲೋಮೀಟರ್ ಸುತ್ತಳತೆಯಲ್ಲಿ ಗಣಿಗಾರಿಕೆ ಬೇಡ ಅಂತ ಹೈಕೋರ್ಟ್ ಹೇಳಿದ್ದು 2024ರ ಜನವರಿಯಲ್ಲಿ. ಅಷ್ಟು ವರ್ಷ ಆ ದಾರಿಯಲ್ಲೇ ಓಡಾಡಿದ ಗಾಡಿಗಳ ಏರ್ ಫಿಲ್ಟರುಗಳು ಕಲ್ಲುಪುಡಿ ಕುಡಿದಿವೆ.

ನಿಂತಲ್ಲೇ ಓಡೋದು: ಕಬ್ಬು ನುರಿಸೋ ಕಾಲದಲ್ಲಿ ಸಕ್ಕರೆ ಕಾರ್ಖಾನೆ ಮುಂದಿನ ಸಾಲು ಗೊತ್ತಲ್ಲ? ಅಲ್ಲಿ ಮೀಟರ್ ಏರಲ್ಲ, ಇಂಜಿನ್ ಮಾತ್ರ ಓಡ್ತಾ ಇರುತ್ತೆ. ಟ್ರ್ಯಾಕ್ಟರಿಗೆ ಕಿಲೋಮೀಟರ್ ಬದಲು ಗಂಟೆ ಮೀಟರ್ ಇಟ್ಟಿರೋದು ಅದಕ್ಕೇ. ಅನೇಕ ಟ್ರ್ಯಾಕ್ಟರುಗಳಿಗೆ 250 ಗಂಟೆಯ ಲೆಕ್ಕ. ಕಾರಿನಲ್ಲಿ ಸರಾಸರಿ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಓಡಾಡಿದ್ರೆ ಆ 250 ಗಂಟೆಗೆ ಆಗೋದು 5,000 ಕಿಲೋಮೀಟರ್. ಸರಾಸರಿ 40 ಆದ್ರೆ 10,000. ಎರಡು ಅಂಕಿಗಳ ಜಗಳ ಇಲ್ಲೇ ಬಗೆಹರೀತು ಅಲ್ವಾ?

ಸಣ್ಣ ಓಡಾಟ: ಪಾಂಡವಪುರದ ಸಂತೆಗೆ, ಡೈರಿಗೆ, ಮಗುವನ್ನ ಶಾಲೆಗೆ ಬಿಡೋಕೆ ಹೋಗಿ ಬರೋ ಕಾರಿನಲ್ಲಿ ಆಯಿಲ್ ಪೂರ್ತಿ ಕಾಯೋದೇ ಇಲ್ಲ. ಒಳಗೆ ನೀರಿನ ಪಸೆ, ಉರಿಯದ ಇಂಧನ ಉಳಿದು ಆಯಿಲ್ ಕೆಸರು ಕಟ್ಟುತ್ತೆ. ಬಿಎಸ್-6 ಡೀಸೆಲ್ ಕಾರಿಗೆ ಇನ್ನೊಂದು ಕಷ್ಟ. ಹೊಗೆಯ ಮಸಿ ಹಿಡಿಯೋ ಫಿಲ್ಟರನ್ನು ಸುಟ್ಟು ಶುಚಿ ಮಾಡೋಕೆ ಇಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತೆ. ಆ ಕೆಲಸ ಮುಗಿಯೋ ಮುಂಚೆ ಮತ್ತೆ ಮತ್ತೆ ಕೀ ತಿರುಗಿಸಿದ್ರೆ ಡೀಸೆಲ್ ಆಯಿಲಿಗೆ ಇಳಿಯುತ್ತೆ. ಕಡ್ಡಿಯಲ್ಲಿ ಆಯಿಲ್ ಮಟ್ಟ ಏರಿದ್ರೆ ಖುಷಿಪಡಬೇಡಿ, ಗ್ಯಾರೇಜಿಗೆ ಹೋಗಿ.

ನನ್ನ ಅಭಿಪ್ರಾಯ ಇಷ್ಟು. ಮೈಸೂರು-ಬೆಂಗಳೂರು ಹೆದ್ದಾರಿಯಲ್ಲೇ ಹೆಚ್ಚು ಓಡೋ ಕಾರಿಗೆ ಪುಸ್ತಕದ ಅಂಕಿ ಸರಿ. ಹಳ್ಳಿ, ಗದ್ದೆ, ಸಂತೆ ಅಂತ ಸುತ್ತೋ ಕಾರಿಗೆ ಅದರ ಅರ್ಧ, 5,000ದ ಆಸುಪಾಸು. ಓಡಿಸಿದ್ದು ಕಡಿಮೆಯಾದ್ರೂ ವರ್ಷಕ್ಕೊಮ್ಮೆ ಬೇಕೇ ಬೇಕು. ಪ್ರತಿ ಸಲ ಆಯಿಲ್ ಫಿಲ್ಟರ್ ಕೂಡ ಹೊಸದಾಗಲಿ. ಡಬ್ಬ ಕೊಳ್ಳುವಾಗ ಪುಸ್ತಕದಲ್ಲಿ ಹೇಳಿದ ದರ್ಜೆಯದ್ದೇ ಕೇಳಿ. ಖರ್ಚು ಕೆಲವು ಸಾವಿರ. ಕೆಸರು ಕಟ್ಟಿ ಟರ್ಬೊ ಹೋದ್ರೆ, ಟೈಮಿಂಗ್ ಚೈನ್ ಸಡಿಲವಾದ್ರೆ, ಒಂದು ಬೆಳೆಯ ಲಾಭವೇ ಹೋಗಬಹುದು. ಬಿಲ್ಲುಗಳನ್ನು ಎತ್ತಿಡಿ, ಗಾಡಿ ಮಾರುವಾಗ ಅವೇ ಸಾಕ್ಷಿ.

ಇನ್ನು ಇಳಿಸಿದ ಕರಿ ಆಯಿಲ್. ಗೆದ್ದಲು ಹಿಡೀಬಾರದು ಅಂತ ತೊಲೆಗೆ, ಬೇಲಿಗೂಟಕ್ಕೆ ಬಳಿಯೋ ಅಭ್ಯಾಸ ನಮ್ಮಲ್ಲಿದೆ. ಕಾನೂನಿನ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ವಿ.ಸಿ. ನಾಲೆಗಂತೂ ಸುರೀಬೇಡಿ, ಅದೇ ನೀರು ಗದ್ದೆಗೆ ಹೋಗೋದು. ಹಳೇ ಆಯಿಲ್ ಶೇಖರಿಸೋ ಗ್ಯಾರೇಜಿಗೇ ಬಿಟ್ಟುಬನ್ನಿ.

ಕೀಲೆಣ್ಣೆ ಕಾಲದ ಗಾಡಿಯವರಿಗೆ ಪುಸ್ತಕ ಇರಲಿಲ್ಲ, ದಾರಿಯ ಧೂಳು ಮತ್ತು ಹೊರೆ ನೋಡಿ ನಿರ್ಧಾರ ಮಾಡ್ತಿದ್ರು. ನಮಗೆ ಪುಸ್ತಕ ಇದೆ. ಜೊತೆಗೆ ದಾರಿಯನ್ನೂ ನೋಡೋಣ. ನಿಮ್ಮ ಗಾಡಿ ಎಷ್ಟು ಕಿಲೋಮೀಟರ್ ಆಗಿದೆ, ಎಷ್ಟಕ್ಕೊಮ್ಮೆ ಆಯಿಲ್ ಬದಲಾಯಿಸ್ತೀರಿ, ನಮಗೆ ಬರೆದು ತಿಳಿಸಿ.