ಗುಂಪು ಚಾರಣ: ಕಾಸರಗೋಡು, ತುಳುನಾಡು ಮತ್ತು ಪಶ್ಚಿಮಘಟ್ಟದಲ್ಲಿ ಅದರ ಇತಿಹಾಸ

ದಾರಿ ಬಲ್ಲವರೊಬ್ಬರ ಹಿಂದೆ ಹತ್ತಾರು ಜನ ಕಾಲ್ನಡಿಗೆಯಲ್ಲಿ ಬೆಟ್ಟ ಹತ್ತಿ, ನಡುದಾರಿಯಲ್ಲಿ ಉಂಡು ತಂಗಿ, ಒಟ್ಟಾಗಿ ಮರಳುವ ಪ್ರವಾಸಕ್ಕೆ ಗುಂಪು ಚಾರಣ ಎನ್ನುತ್ತಾರೆ. ಊಟ, ವಸತಿ, ಅರಣ್ಯ ಇಲಾಖೆಯ ಅನುಮತಿ ಇವೆಲ್ಲ ಸಂಘಟಕರ ಹೊಣೆ. ಹಿಮ ಬೀಳುವ ನಾಡುಗಳಲ್ಲಿ ಇಂಥ ಪ್ರವಾಸ ಚಳಿಗಾಲದಲ್ಲಿ ಸ್ಕೀ ತೊಟ್ಟು ಸಾಗುತ್ತದೆ. ಪಶ್ಚಿಮಘಟ್ಟದಲ್ಲಿ ಮಳೆ ನಿಂತು ಜಾರುಬಂಡೆಗಳು ಒಣಗಿದ ಮೇಲೆ, ಬೇಸಗೆಯ ಕಾಡುಗಿಚ್ಚಿನ ಭಯ ಶುರುವಾಗುವ ಮೊದಲು, ಅಂದರೆ ಸುಮಾರಾಗಿ ಅಕ್ಟೋಬರ್‌ನಿಂದ ಜನವರಿಯವರೆಗೆ ಇದಕ್ಕೆ ಒಳ್ಳೆಯ ಕಾಲ. ಬಂದ್ಯೋಡು, ಉಪ್ಪಳ, ಕುಂಬಳೆಯಂಥ ಕಡಲಂಚಿನ ಊರುಗಳಿಂದ ಘಟ್ಟದ ಕಡೆಗೆ ಜನ ನಡೆಯತೊಡಗಿ ಶತಮಾನಗಳೇ ಆದವು. ನಡೆಯುವ ಉದ್ದೇಶ ಕಾಲಕಾಲಕ್ಕೆ ಬದಲಾಗಿದೆ. ಮುಂದೆ ನಡೆಯುವ ಸ್ಥಳೀಯರನ್ನು ನಂಬಿಕೊಂಡೇ ಗುಂಪು ಹೊರಡುವುದು ಮಾತ್ರ ಬದಲಾಗಿಲ್ಲ.

ಹೆಸರು

‘ಚಾರಣ’ ಪದದ ಮೂಲ ನಡೆ, ಸಂಚರಿಸು ಎಂಬ ಅರ್ಥದ ಸಂಸ್ಕೃತ ಧಾತು. ಜೈನ ಪರಂಪರೆಯಲ್ಲಿ ಆಕಾಶದಲ್ಲಿ ಸಂಚರಿಸುವ ಶಕ್ತಿ ಪಡೆದ ಮುನಿಗಳಿಗೆ ಚಾರಣ ಋಷಿಗಳೆಂಬ ಹೆಸರಿದೆ. ‘ಟ್ರೆಕ್ಕಿಂಗ್’ ಎಂಬುದಕ್ಕೆ ಸಮನಾಗಿ ಕನ್ನಡ ಪತ್ರಿಕೆಗಳು ಈ ಪದವನ್ನು ಬಳಸತೊಡಗಿದ ಮೇಲೆ ಹಳೆಯ ಮಾತು ಹೊಸ ಅರ್ಥದಲ್ಲಿ ನೆಲೆಯಾಯಿತು. ಕರಾವಳಿಯ ಆಡುಮಾತಿನಲ್ಲಿ ಅದಕ್ಕೂ ಹಳೆಯದು ‘ಘಟ್ಟ ಹತ್ತುವುದು’. ಘಟ್ಟದ ಮೇಲೆ, ಘಟ್ಟದ ಕೆಳಗೆ ಎಂದು ನಾಡನ್ನೇ ಎರಡಾಗಿ ಕಾಣುವ ಜನರ ಮಾತು ಅದು.

ದುಡಿಮೆ ಮತ್ತು ಹರಕೆ

ರಸ್ತೆಗಳಾಗುವ ಮೊದಲು ಕಡಲತೀರದ ಉಪ್ಪು, ಒಣಮೀನು ಹೇರೆತ್ತುಗಳ ಬೆನ್ನ ಮೇಲೆ ಘಟ್ಟ ಹತ್ತುತ್ತಿದ್ದವು. 19ನೆಯ ಶತಮಾನದಲ್ಲಿ ಕೊಡಗು, ಚಿಕ್ಕಮಗಳೂರುಗಳಲ್ಲಿ ಕಾಫಿ ತೋಟಗಳು ಹರಡಿದಾಗ ಆಳುಗಳೂ ಹತ್ತಿದರು. ತುಳುನಾಡಿನ ಬಡ ಕುಟುಂಬಗಳಿಗೆ ಮುಂಗಡ ಕೊಟ್ಟು, ಗುಂಪು ಕಟ್ಟಿ ತೋಟ ಮುಟ್ಟಿಸುತ್ತಿದ್ದವನು ಮೇಸ್ತ್ರಿ. ಮಲೆಜ್ವರದ ಭಯ, ಸಾಲದ ಭಾರ ಎರಡನ್ನೂ ಹೊತ್ತು ನಡೆದ ಆ ಜನರಿಗೆ ಘಟ್ಟ ಹತ್ತುವುದು ಹೊಟ್ಟೆಪಾಡಾಗಿತ್ತು. ಇಂದು ಜನ ವಿರಾಮಕ್ಕೆಂದು ನಡೆಯುವ ಬೆಟ್ಟಗಳಲ್ಲಿ ಅವರ ಹೆಜ್ಜೆಗಳೂ ಬಿದ್ದಿವೆ. ಚಾರಣದ ಇತಿಹಾಸ ಬರೆಯುವವರು ಅವರನ್ನು ಮರೆಯಬಾರದು.

ಇನ್ನೊಂದು ಸೆಳೆತ ಹರಕೆಯದು. ಕುಕ್ಕೆ ಸುಬ್ರಹ್ಮಣ್ಯದ ಬೆನ್ನಿಗಿರುವ 1,712 ಮೀಟರ್ ಎತ್ತರದ ಕುಮಾರಪರ್ವತ, ಕೊಲ್ಲೂರಿನ ಬಳಿಯ 1,343 ಮೀಟರ್ ಎತ್ತರದ ಕೊಡಚಾದ್ರಿ, ಕಾವೇರಿ ಹುಟ್ಟುವ ಬ್ರಹ್ಮಗಿರಿ ಇವು ಭಕ್ತರು ಹತ್ತಿದ ಬೆಟ್ಟಗಳು. ಕಾಸರಗೋಡಿನ ನೆಟ್ಟಣಿಗೆ ಮಹಾಲಿಂಗೇಶ್ವರ ದೇವಸ್ಥಾನಕ್ಕೆ ಸಂಬಂಧಿಸಿದ ಜಾಂಬ್ರಿ ಗುಹೆಯನ್ನು ಹನ್ನೆರಡು ವರ್ಷಕ್ಕೊಮ್ಮೆ ವಿಧಿಪೂರ್ವಕ ಪ್ರವೇಶಿಸುವ ಪದ್ಧತಿಯಿದೆ. ಯಾರು ಮುಂದೆ, ಯಾರು ಹಿಂದೆ ಎಂಬ ಶಿಸ್ತಿನಿಂದ ಗುಂಪಾಗಿ ಕಷ್ಟದ ಜಾಗಕ್ಕೆ ಹೋಗಿ ಬರುವುದು ಈ ನೆಲಕ್ಕೆ ಹೊಸದಲ್ಲ.

ಸರ್ವೆಯ ಕಾಲ

ಟಿಪ್ಪು ಸುಲ್ತಾನನ ಪತನದ ನಂತರ ಈ ಸೀಮೆಯನ್ನು ಬರಹಕ್ಕೆ, ನಕ್ಷೆಗೆ ಇಳಿಸುವ ಕೆಲಸ ಮೊದಲಾಯಿತು. ಫ್ರಾನ್ಸಿಸ್ ಬುಕನನ್ 1800ರಲ್ಲಿ ಮದ್ರಾಸಿನಿಂದ ಹೊರಟು ಮೈಸೂರು, ಮಲಬಾರುಗಳನ್ನು ಸುತ್ತಿ, 1801ರ ಆರಂಭದಲ್ಲಿ ಚಂದ್ರಗಿರಿ ಹೊಳೆ ದಾಟಿ ಕಾಸರಗೋಡು, ಕುಂಬಳೆ, ಮಂಜೇಶ್ವರಗಳ ಮೂಲಕ ಮಂಗಳೂರಿಗೆ ಸಾಗಿದ. ಅವನ ಪ್ರವಾಸ ಕಥನ 1807ರಲ್ಲಿ ಮೂರು ಸಂಪುಟಗಳಾಗಿ ಹೊರಬಂತು. ಅದೇ ಹೊತ್ತಿಗೆ ವಿಲಿಯಂ ಲ್ಯಾಂಬ್ಟನ್ ತ್ರಿಕೋನಮಿತಿಯ ಸರ್ವೆ ಕೈಗೊಂಡು ಮದ್ರಾಸಿನಿಂದ ಪಡುವಣ ಕರಾವಳಿಯವರೆಗೆ ಅಳೆದ. ಘಟ್ಟದಂಚಿನ ಬಲ್ಲಾಳರಾಯನ ದುರ್ಗ ಅವನ ಅಳತೆಯ ನೆಲೆಗಳಲ್ಲಿ ಒಂದು. ಸುಮಾರು 400 ಮೈಲಿ ಎಂದುಕೊಂಡಿದ್ದ ಪರ್ಯಾಯ ದ್ವೀಪದ ಅಗಲ 360 ಮೈಲಿಯಷ್ಟೇ ಎಂದು ಆಗ ತಿಳಿಯಿತು. ಭಾರವಾದ ಉಪಕರಣಗಳನ್ನು ಶಿಖರಕ್ಕೆ ಹೊತ್ತವರು, ಕುರುಚಲು ಸವರಿ ದಾರಿ ಬಿಡಿಸಿದವರು ಕೂಲಿಯಾಳುಗಳು. ಪುಸ್ತಕಗಳ ಮುಖಪುಟದಲ್ಲಿ ಅವರ ಹೆಸರಿಲ್ಲ.

ಹಿಮದ ನಾಡಿನಲ್ಲಿ

ಬೆಟ್ಟದ ನಡಿಗೆ ಸಂಘಟಿತ ವಿರಾಮವಾದದ್ದು ಯುರೋಪಿನಲ್ಲಿ. ಫ್ರಾನ್ಸಿನ ಶಾಮೊನಿಯಲ್ಲಿ 1821ರಲ್ಲಿ ಮಾರ್ಗದರ್ಶಿಗಳು ತಮ್ಮದೇ ಸಂಘ ಕಟ್ಟಿಕೊಂಡರು. ಥಾಮಸ್ ಕುಕ್ 1863ರಲ್ಲಿ ಸ್ವಿಟ್ಜರ್ಲೆಂಡಿಗೆ ಮೊದಲ ಗುಂಪು ಪ್ರವಾಸ ಕರೆದೊಯ್ದ. 1868ರಲ್ಲಿ ಹುಟ್ಟಿದ ನಾರ್ವೆಯ ಚಾರಣ ಸಂಘ ಬೆಟ್ಟಗಳಲ್ಲಿ ತಂಗುಮನೆಗಳನ್ನು ಕಟ್ಟುತ್ತ, ದಾರಿಗೆ ಗುರುತು ಹಾಕುತ್ತ ಬಂತು. ಫ್ರಿಟ್ಯೋಫ್ ನಾನ್ಸೆನ್ 1888ರಲ್ಲಿ ಸ್ಕೀ ತೊಟ್ಟು ಗ್ರೀನ್‌ಲೆಂಡನ್ನು ಅಡ್ಡಹಾಯ್ದ ಮೇಲೆ ಹಿಮದ ನಡಿಗೆ ಜನಪ್ರಿಯವಾಯಿತು. ಈ ಬಗೆಯ ಸ್ಕೀಯಲ್ಲಿ ಪಾದದ ಮುಂಭಾಗ ಮಾತ್ರ ಪಟ್ಟಿಗೆ ಬಿಗಿದಿರುತ್ತದೆ, ಹಿಮ್ಮಡಿ ಸಡಿಲ. ಆದ್ದರಿಂದ ಇಳಿಜಾರಿನಲ್ಲಿ ಜಾರುವುದಷ್ಟೇ ಅಲ್ಲ, ಸಮತಟ್ಟಿನಲ್ಲೂ ಏರಿನಲ್ಲೂ ದಿನವಿಡೀ ಸಾಗಬಹುದು. ಮುಂದೆ ಸಾಗುವ ಮಾರ್ಗದರ್ಶಿ, ಸಂಜೆಗೆ ಬಿಸಿ ಊಟ ಕಾದಿರುವ ತಂಗುಮನೆ, ಹಿಂದೆ ಬೀಳುವವರಿಗಾಗಿ ನಿಲ್ಲುವ ಗುಂಪು ಎಂಬ ಏರ್ಪಾಟು ಹಿಮಕ್ಕೂ ಮಳೆಕಾಡಿಗೂ ಒಂದೇ.

ವಿರಾಮದ ಚಾರಣ

ಭಾರತದಲ್ಲಿ ಪರ್ವತಾರೋಹಣ ಶಿಕ್ಷಣಕ್ಕೆ ನೆಲೆ ಸಿಕ್ಕಿದ್ದು 1954ರಲ್ಲಿ ಡಾರ್ಜಿಲಿಂಗ್‌ನ ಸಂಸ್ಥೆ ತೆರೆದಾಗ. 1965ರಲ್ಲಿ ಉತ್ತರಕಾಶಿಯ ಸಂಸ್ಥೆ ಬಂತು. ಕರ್ನಾಟಕದಲ್ಲಿ ಯೂತ್ ಹಾಸ್ಟೆಲ್ ಘಟಕಗಳು, ಎನ್‌ಸಿಸಿ, ಕಾಲೇಜು ಬಳಗಗಳು ಬಸ್ಸಿನಲ್ಲಿ ಹೋಗಿ ಬೆಟ್ಟ ಹತ್ತುವ ರೂಢಿಯನ್ನು ಬೆಳೆಸಿದವು. ಕೊಡಗಿನವರೇ ಆದ ಸೇನಾನಿ ಕೆ.ಎಸ್. ತಿಮ್ಮಯ್ಯ ಅವರ ಹೆಸರಿನ ಸಾಹಸ ಅಕಾಡೆಮಿ ಬೆಂಗಳೂರಿನಲ್ಲಿ ತರಬೇತಿಗೆ ನೆಲೆಯಾಯಿತು.

ನಾರ್ವೆಯ ತಂಗುಮನೆಗೆ ಸಮನಾದದ್ದು ಕುಮಾರಪರ್ವತದ ದಾರಿಯಲ್ಲಿ ತಾನಾಗಿ ಬೆಳೆಯಿತು. ಗಿರಿಗದ್ದೆಯ ‘ಭಟ್ಟರ ಮನೆ’ಯಲ್ಲಿ ಚಾರಣಿಗರಿಗೆ ಅನ್ನ, ಸಾಂಬಾರು, ಮಜ್ಜಿಗೆ ಸಿಗುತ್ತಿತ್ತು, ಅಂಗಳದಲ್ಲಿ ಮಲಗಲು ಜಾಗವೂ ಇರುತ್ತಿತ್ತು. ಅಲ್ಲಿಂದ ಕಲ್ಲುಮಂಟಪ, ಶೇಷಪರ್ವತ ದಾಟಿ ಶಿಖರ ಮುಟ್ಟಿ, ಬೇಕಾದವರು ಆಚೆ ಬದಿಯ ಸೋಮವಾರಪೇಟೆಯ ಕಡೆಗೆ ಇಳಿಯುತ್ತಿದ್ದರು. ಕುದುರೆಮುಖಕ್ಕೆ ಹೋಗುವವರಿಗೆ ಮುಳ್ಳೋಡಿಯ ಸುತ್ತಲ ಮನೆಗಳು ಇದೇ ರೀತಿ ಆಸರೆಯಾದವು. ಇಂಬಳಕ್ಕೆ ಸುಣ್ಣ, ಹೊಗೆಸೊಪ್ಪು ಹಚ್ಚುವುದನ್ನು ಪಟ್ಟಣದ ಹುಡುಗರಿಗೆ ಕಲಿಸಿದವರು ಇಂಥ ಮನೆಗಳವರೇ.

ಮಂಗಳೂರು–ಹಾಸನ ರೈಲುಹಾದಿ ಒಂದು ಅಪರೂಪದ ಅಧ್ಯಾಯ. 1979ರಲ್ಲಿ ಪೂರ್ಣಗೊಂಡ ಮೀಟರ್‌ಗೇಜ್ ಹಾದಿಯನ್ನು ಬ್ರಾಡ್‌ಗೇಜ್ ಮಾಡಲೆಂದು 1996ರಲ್ಲಿ ಮುಚ್ಚಲಾಯಿತು. ರೈಲು ಓಡದ ಆ ಹತ್ತು ವರ್ಷ ಸಕಲೇಶಪುರ–ಸುಬ್ರಹ್ಮಣ್ಯ ನಡುವಿನ ಸುರಂಗ, ಸೇತುವೆಗಳು ಚಾರಣಿಗರ ಪಾಲಾದವು. ಎಡಕುಮೇರಿ ನಿಲ್ದಾಣ ಅವರ ತಂಗುದಾಣವಾಯಿತು. 2006ರಲ್ಲಿ ಸರಕು ರೈಲು, 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ರೈಲು ಮತ್ತೆ ಹೊರಟವು. ಅಲ್ಲಿಗೆ ಹಳಿಯ ಮೇಲಿನ ಚಾರಣದ ಕಾಲ ಮುಗಿಯಿತು.

ಹಿಮದತ್ತ ಕನ್ನಡಿಗರು

ಗುಲ್ಮಾರ್ಗ್‌ನಲ್ಲಿ 1927ರಲ್ಲಿ ಬ್ರಿಟಿಷರು ಸ್ಕೀ ಕ್ಲಬ್ ಕಟ್ಟಿದ್ದರು. ಕರ್ನಾಟಕದ ಜನಸಾಮಾನ್ಯರು ಹಿಮದ ದಾರಿಗೆ ದೊಡ್ಡ ಸಂಖ್ಯೆಯಲ್ಲಿ ಹೊರಟದ್ದು 2000ದ ನಂತರ, ಬೆಂಗಳೂರಿನಲ್ಲಿ ಚಾರಣ ಸಂಸ್ಥೆಗಳು ಬೆಳೆದು ರೂಪಕುಂಡ, ಕೇದಾರಕಂಠದಂಥ ಹಾದಿಗಳಿಗೆ ತಂಡಗಳನ್ನು ಕರೆದೊಯ್ಯತೊಡಗಿದಾಗ. ಹಿಮವೇ ಬೀಳದ ಕೊಡಗಿನಿಂದ ಬಂದ ಭವಾನಿ ತೆಕ್ಕಡ ನಂಜುಂಡ ಕ್ರಾಸ್‌ಕಂಟ್ರಿ ಸ್ಕೀಯಿಂಗ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದರು. ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಚಿನ್ನವನ್ನೂ ತಂದರು.

ಅವಘಡ ಮತ್ತು ನಿಯಮ

2018ರ ಮಾರ್ಚ್ 11ರಂದು ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿಯಲ್ಲಿ ಕಾಡುಗಿಚ್ಚು ಚಾರಣಿಗರನ್ನು ಸುತ್ತುವರಿಯಿತು. 20ಕ್ಕೂ ಹೆಚ್ಚು ಮಂದಿ ಜೀವ ಕಳೆದುಕೊಂಡರು. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಹಿಮಗಾಳಿಗೆ ಸಿಕ್ಕ 22 ಮಂದಿಯ ತಂಡದಲ್ಲಿ ಹೆಚ್ಚಿನವರು ಕರ್ನಾಟಕದವರು. ಅವರಲ್ಲಿ ಒಂಬತ್ತು ಜನ ಮರಳಲಿಲ್ಲ. ಹವೆ ಕೆಟ್ಟಾಗ ಹಿಂದಿರುಗುವ ತೀರ್ಮಾನ ತೆಗೆದುಕೊಳ್ಳುವುದು ಶಿಖರ ಮುಟ್ಟುವಷ್ಟೇ ದೊಡ್ಡ ವಿದ್ಯೆ ಎಂಬುದನ್ನು ಈ ಸಾವುಗಳು ಕಟುವಾಗಿ ನೆನಪಿಸಿದವು.

ಜನದಟ್ಟಣೆ ಇನ್ನೊಂದು ಚಿಂತೆ. 2024ರ ಜನವರಿ ಕೊನೆಯ ರಜೆಯಲ್ಲಿ ಕುಮಾರಪರ್ವತದ ಬುಡದಲ್ಲಿ ಸಾವಿರಾರು ಜನ ನೆರೆದರು. ಆನ್‌ಲೈನ್ ಟಿಕೆಟ್ ಇಲ್ಲದ ಹಾದಿಗಳಲ್ಲಿ ಚಾರಣವನ್ನು ಕರ್ನಾಟಕ ಸರ್ಕಾರ ಆಗ ತಡೆಹಿಡಿಯಿತು. ಮುಂದೆ ಮುಂಗಡ ನೋಂದಣಿ, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಬಂದವು. ಬೆಟ್ಟಕ್ಕೂ ಉಸಿರಾಡಲು ಬಿಡುವು ಬೇಕು, ಆದ್ದರಿಂದ ಈ ಮಿತಿ ನ್ಯಾಯವಾದದ್ದೇ.

ಬಂದ್ಯೋಡಿನ ಸುತ್ತ

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿಯ ಚಾರಣಿಗರು ಎರಡು ರಾಜ್ಯಗಳ ಅರಣ್ಯ ಇಲಾಖೆಗಳ ಜೊತೆ ವ್ಯವಹರಿಸಬೇಕಾಯಿತು. ಜಿಲ್ಲೆಯ ಪ್ರಮುಖ ಚಾರಣ ತಾಣ ಪನತ್ತಡಿ ಪಂಚಾಯತಿನ ರಾಣಿಪುರಂ. ಹಿಂದೆ ಮಾಡತ್ತುಮಲ ಎನ್ನುತ್ತಿದ್ದ ಈ ಹುಲ್ಲುಬೆಟ್ಟದ ಆಚೆ ಕೊಡಗಿನ ತಲಕಾವೇರಿ ಕಾಡು. ಇಲ್ಲಿ ಊರವರ ವನ ಸಂರಕ್ಷಣಾ ಸಮಿತಿಯೇ ಪ್ರವಾಸಿಗರನ್ನು ನೋಡಿಕೊಳ್ಳುತ್ತದೆ.

ಇನ್ನೂ ಹತ್ತಿರದ್ದು ಪೊಸಡಿಗುಂಪೆ. ಬಂದ್ಯೋಡಿನಲ್ಲಿ ರಾಷ್ಟ್ರೀಯ ಹೆದ್ದಾರಿ ಬಿಟ್ಟು ಪೆರ್ಮುದೆಯ ಮೂಲಕ ಧರ್ಮತ್ತಡ್ಕದ ಕಡೆಗೆ ಹೋದರೆ ಈ ಗುಡ್ಡ ಸಿಗುತ್ತದೆ. ಹತ್ತಲು ಹೆಚ್ಚು ಹೊತ್ತು ಬೇಡ. ಮಕ್ಕಳೂ ಹಿರಿಯರೂ ಕೂಡಿ ಹತ್ತಬಹುದಾದ್ದರಿಂದ ಮೊದಲ ಚಾರಣಕ್ಕೆ ಇದು ತಕ್ಕ ಜಾಗ. ಮೇಲೆ ನಿಂತರೆ ಪಡುವಣಕ್ಕೆ ಅರಬ್ಬಿ ಕಡಲು. ಮಳೆಗಾಲ ಕಳೆದು ಬಾನು ತಿಳಿಯಾದ ದಿನ ದೂರದಲ್ಲಿ ಕುದುರೆಮುಖದ ನೀಲಿ ಗೆರೆಯೂ ಕಾಣುತ್ತದೆ. ಆ ಗೆರೆಯ ಕಡೆಗೇ ಒಂದು ಕಾಲದಲ್ಲಿ ಈ ಊರುಗಳ ಆಳುಗಳು ಮೇಸ್ತ್ರಿಯ ಹಿಂದೆ ನಡೆದಿದ್ದರು.