ಮೊದಲು ಸೀಟು, ಆಮೇಲೆ ಸಾಫ್ಟ್‌ವೇರ್: ರೆಡ್‌ಬಸ್ ಹುಟ್ಟಿದ ಕಥೆ

1/5
ಹಬ್ಬದ ಹಿಂದಿನ ದಿನ ಸಂಜೆ ಕೆಂಗಲ್ ಸ್ಟಾಪಲ್ಲಿ ನಿಂತವರಿಗೆ ಗೊತ್ತು. ಬರೋ ಬಸ್ಸೆಲ್ಲ ಫುಲ್, ಒಂದೂ ನಿಲ್ಲಲ್ಲ. ನಾವು ಬೈಕೊಂಡು ಮುಂದಿನ ಬಸ್ಸಿಗೆ ಕಾಯ್ತೀವಿ, ಅಷ್ಟೇ. 2005ರ ದೀಪಾವಳಿಲಿ ಬೆಂಗಳೂರಲ್ಲಿ ಕೆಲಸ ಮಾಡ್ತಿದ್ದ ಒಬ್ಬ ಇಂಜಿನಿಯರ್‌ಗೂ ಊರಿಗೆ ಬಸ್ ಸಿಗಲಿಲ್ಲ. ಹೆಸರು ಫಣೀಂದ್ರ ಸಾಮ, ಕೆಲಸ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ. ಅವರು ಬೈಕೊಂಡು ಸುಮ್ನಾಗಲಿಲ್ಲ. ಟಿಕೆಟ್ ಯಾಕೆ ಸಿಗಲಿಲ್ಲ ಅಂತ ಏಜೆಂಟರನ್ನ ಕೇಳೋಕೆ ಹೋದ್ರು.

2/5
ಆಗಿನ ಪದ್ಧತಿ ಹೀಗಿತ್ತು. ಸೀಟಿನ ಚಾರ್ಟ್ ಇರ್ತಿದ್ದಿದ್ದು ಬಸ್ ಮಾಲೀಕರ ಆಫೀಸಲ್ಲಿ, ಕಾಗದದ ಮೇಲೆ. ಏಜೆಂಟ್ ಫೋನ್ ಮಾಡಿ ಸೀಟು ಇದ್ಯಾ ಅಂತ ಕೇಳ್ಬೇಕು. ಅವನಿಗೆ ಪರಿಚಯ ಇರೋದು ನಾಲ್ಕಾರು ಮಾಲೀಕರು. ಐದನೇ ಬಸ್ಸಲ್ಲಿ ಸೀಟು ಖಾಲಿ ಓಡ್ತಿದ್ರೂ ನಮಗೆ ಮಾತ್ರ "ಇಲ್ಲ" ಅನ್ನೋ ಉತ್ತರ.

ಫಣೀಂದ್ರ, ಸುಧಾಕರ್ ಪಸುಪುನೂರಿ, ಚರಣ್ ಪದ್ಮರಾಜು ಮೂರೂ ಜನ ಬಿಟ್ಸ್ ಪಿಲಾನಿ ಗೆಳೆಯರು. ಮಾಲೀಕರಿಗೋಸ್ಕರ ಸೀಟು ನಿರ್ವಹಿಸೋ ಸಾಫ್ಟ್‌ವೇರ್ ಬರೆದ್ರು. ತಗೊಂಡು ಹೋಗಿ ತೋರಿಸಿದ್ರೆ ಮಾಲೀಕರು ಬೇಡ ಅಂದ್ಬಿಟ್ರು. ಪೆನ್ನು, ಚಾರ್ಟು, ಫೋನು ಇದೆ, ಬಸ್ ಓಡ್ತಾ ಇದೆ. ಕಂಪ್ಯೂಟರ್ ಯಾಕೆ?

3/5
ಇಲ್ಲೇ ನೋಡಿ ಕಥೆ ತಿರುಗೋದು. ಟೈ ಸಂಸ್ಥೆಯ ಬೆಂಗಳೂರು ಶಾಖೆ ಹೊಸ ಉದ್ಯಮಿಗಳಿಗೆ ಹಿರಿಯರಿಂದ ಮಾರ್ಗದರ್ಶನ ಕೊಡಿಸೋ ಕಾರ್ಯಕ್ರಮ ನಡೆಸ್ತಿತ್ತು. ಅದಕ್ಕೆ ಇವರು ಆಯ್ಕೆಯಾದ್ರು. ಕಂಪ್ಯೂಟರ್ ಬಿಟ್ಟು ಎದ್ದು ಮಾಲೀಕರು, ಏಜೆಂಟರು, ಪ್ರಯಾಣಿಕರು ಎಲ್ಲರ ಹತ್ರ ಮಾತಾಡಿದ್ರು. ಆಗ ಅರ್ಥ ಆಗಿದ್ದು ಇಷ್ಟು: ಮಾಲೀಕನಿಗೆ ಬೇಕಿರೋದು ಸಾಫ್ಟ್‌ವೇರ್ ಅಲ್ಲ, ಸೀಟು ತುಂಬೋದು.

ಹಾಗಾಗಿ ಕೆಲವೇ ಸೀಟು ಕೇಳಿ ತಗೊಂಡು, ಮಾರಿ ತೋರಿಸೋಕೆ ಹೊರಟ್ರು. 2006ರ ಆಗಸ್ಟಲ್ಲಿ ರೆಡ್‌ಬಸ್ ಶುರುವಾಯ್ತು. ಸೀಟು ಖರ್ಚಾದ ಮೇಲೆ ಮಾಲೀಕರು ತಾವಾಗೇ ಹತ್ರ ಬಂದ್ರು. 2007ರಲ್ಲಿ ಸೀಡ್‌ಫಂಡ್ ಬಂಡವಾಳ ಹಾಕ್ತು. 2013ರಲ್ಲಿ ಇಬಿಬೋ ಗ್ರೂಪ್ ಕಂಪನಿಯನ್ನೇ ಕೊಂಡುಕೊಳ್ತು.

ಮಜಾ ಏನಪ್ಪಾ ಅಂದ್ರೆ, ಮೊದಲು ಬೇಡ ಅಂದಿದ್ದ ಥರದ್ದೇ ಸಾಫ್ಟ್‌ವೇರ್ ಆಮೇಲೆ 'ಬಾಸ್' ಅನ್ನೋ ಹೆಸರಲ್ಲಿ ಬಸ್ ಮಾಲೀಕರ ಆಫೀಸಿಗೆ ಹೋಯ್ತು. ಐಡಿಯಾ ತಪ್ಪಿರಲಿಲ್ಲ, ಸರದಿ ತಪ್ಪಿತ್ತು.

4/5
ಇದು ಬೆಂಗಳೂರಿನ ಕಥೆ ಮಾತ್ರ ಅಲ್ಲ. 1999ರಲ್ಲಿ ಅಮೆರಿಕದಲ್ಲಿ ನಿಕ್ ಸ್ವಿನ್‌ಮರ್ನ್ ಅನ್ನೋರು ಅಂಗಡಿಗಳಿಗೆ ಹೋಗಿ ಶೂಗಳ ಫೋಟೋ ತೆಗೆದು ವೆಬ್‌ಸೈಟಿಗೆ ಹಾಕಿದ್ರು. ಯಾರಾದ್ರೂ ಆರ್ಡರ್ ಮಾಡಿದ್ರೆ ಅದೇ ಅಂಗಡಿಯಿಂದ ಕೊಂಡು ಕಳಿಸೋದು. ಗೋಡೌನೂ ಇಲ್ಲ, ಸ್ಟಾಕೂ ಇಲ್ಲ. ಜನ ಕಾಲಿಗೆ ಹಾಕಿ ನೋಡದೇ ಶೂ ಕೊಳ್ತಾರಾ ಅನ್ನೋ ಒಂದೇ ಪ್ರಶ್ನೆಗೆ ಉತ್ತರ ಬೇಕಿತ್ತು. ಅದೇ ಮುಂದೆ ಜ್ಯಾಪೋಸ್ ಆಯ್ತು. ಎರಿಕ್ ರೀಸ್ ಅವರ 'ದಿ ಲೀನ್ ಸ್ಟಾರ್ಟಪ್' ಪುಸ್ತಕ 2011ರಲ್ಲಿ ಬಂದ ಮೇಲೆ ಈ ವಿಧಾನ ಎಲ್ಲರ ಬಾಯಲ್ಲೂ ಓಡಾಡ್ತು. ಆದ್ರೆ ಕೆಲಸ ಪುಸ್ತಕಕ್ಕಿಂತ ಮುಂಚೆನೇ ನಡೆದಿತ್ತು.

5/5
ಇದನ್ನೆಲ್ಲ ಯಾಕೆ ಓದಿದೆ ಅಂತ ಹೇಳ್ತೀನಿ. ನಾವು ಮೂರು ಜನ ಸೇರಿ ರೇಷ್ಮೆಗೂಡಿನ ರೇಟು ತೋರಿಸೋ ಆ್ಯಪ್ ಮಾಡ್ಬೇಕು ಅಂತಿದ್ವಿ. ಮಾಡಿಕೊಡೋರು 60 ಸಾವಿರ ಕೇಳಿದ್ರು. ಅಮ್ಮ ಚೀಟಿ ಎತ್ತಿ ಕೊಡ್ತೀನಿ ಅಂದಿದ್ರು. ರೆಡ್‌ಬಸ್ ಕಥೆ ಓದಿದ ಮೇಲೆ ಕೈ ಹಿಡಿದಂಗಾಯ್ತು. ಬೆಳಿಗ್ಗೆ ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಹೋಗಿ ಗೇಟ್ ಹತ್ರ ನಿಂತು ರೈತರನ್ನ ಕೇಳಿದ್ವಿ. ಒಬ್ಬ ಹಿರಿಯರು ನಕ್ಕರು: "ರೇಟು ಫೋನಲ್ಲೇ ಗೊತ್ತಾಗ್ತದೆ ಕಣಪ್ಪ. ಗೂಡು ಬಿಡಿಸಿದ ಮೇಲೆ ತರೋಕೆ ಗಾಡಿ ಸಿಗಲ್ಲ, ಅದಕ್ಕೇನಾದ್ರೂ ಮಾಡ್ರಿ." ಇನ್ನೂ ಹಲವರು ಅದನ್ನೇ ಅಂದ್ರು. ಗೂಡು ಕಾಯಲ್ಲ, ಒಳಗಿನ ಹುಳ ಚಿಟ್ಟೆ ಆಗಿ ಹೊರಗೆ ಬಂದ್ರೆ ಬೆಲೆನೇ ಹೋಗುತ್ತೆ.

ಈಗ ಆ್ಯಪ್ ಇಲ್ಲ. ಒಂದು ವಾಟ್ಸಾಪ್ ಗ್ರೂಪ್, ಒಂದು ಗೂಡ್ಸ್ ಆಟೋ ನಂಬರ್, ನೋಟ್‌ಬುಕ್ಕಲ್ಲಿ ಹೆಸರು. ಒಂದೇ ಊರಿನ ನಾಲ್ಕು ಮನೆಯವರು ಒಟ್ಟಿಗೆ ಗೂಡು ಕಳಿಸಿ ಬಾಡಿಗೆ ಹಂಚಿಕೊಂಡ್ರು. ನಮಗೆ ಕಮಿಷನ್ ಕೊಡ್ತಾರಾ ಅನ್ನೋದು ಮುಂದಿನ ಬೆಳೆಗೆ ಕೇಳ್ಬೇಕು. ಕೊಡಲ್ಲ ಅಂದ್ರೆ ಅದೂ ಉತ್ತರನೇ. ಅಮ್ಮನ ಚೀಟಿ ದುಡ್ಡು ಹಾಗೇ ಇದೆ.

ನಿಮ್ಮ ತಲೆಲೂ ಆ್ಯಪ್ ಐಡಿಯಾ ಇದ್ಯಾ? ಯಾರ ಹತ್ರ ಹೋಗಿ ಕೇಳಿದ್ರಿ, ಅವರು ಏನಂದ್ರು, ಕೆಳಗೆ ಬರೀರಿ. "ಸೂಪರ್ ಮಗಾ" ಅಂದ ಫ್ರೆಂಡ್ಸ್ ಲೆಕ್ಕಕ್ಕಿಲ್ಲ 😄

#ಕೆಂಗಲ್ #ರಾಮನಗರ #ಚನ್ನಪಟ್ಟಣ #ರೆಡ್‌ಬಸ್ #ಬಿಕಾಂ_ಹುಡುಗರು #ಉದ್ಯಮದ_ಇತಿಹಾಸ