ಚಿತ್ತರೋಗಾಲಯಗಳಲ್ಲಿ ಬುದ್ಧಿಮಾಂದ್ಯರ ಶುಶ್ರೂಷೆ

ಉನ್ಮಾದವೂ ಬುದ್ಧಿಮಾಂದ್ಯವೂ ಒಂದೇ ಎಂದು ತಿಳಿಯುವವರು ಲೋಕದಲ್ಲಿ ಬಹಳ ಮಂದಿಯುಂಟು. ವಾಸ್ತವವಾಗಿ ಇವೆರಡೂ ಬೇರೆ ಬೇರೆ. ಉನ್ಮಾದವು ಬುದ್ಧಿಗೆ ನಡುವೆ ತಗಲುವ ರೋಗ. ಬುದ್ಧಿಮಾಂದ್ಯವು ಹುಟ್ಟಿನಿಂದಲೋ ಎಳವೆಯಿಂದಲೋ ಬುದ್ಧಿಯ ಬೆಳವಣಿಗೆಯೇ ಕುಂಠಿತವಾದ ಸ್ಥಿತಿ. ಒಬ್ಬನಲ್ಲಿಯೇ ಎರಡೂ ಕೂಡಿಕೊಂಡಿರುವುದೂ ಉಂಟು. ಇಂತಹವರ ಶುಶ್ರೂಷೆಯು ಹೇಗೆ ಮೂಡಿತೆಂಬುದನ್ನು ಸಂಗ್ರಹವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶವಾಗಿದೆ.

ಹದಿನೆಂಟನೆಯ ಶತಮಾನದಲ್ಲಿ ಪ್ಯಾರಿಸ್ ನಗರದ ಸಮೀಪದ ಬಿಸೆತ್ರ್ ಎಂಬ ಆಸ್ಪತ್ರೆಯಲ್ಲಿ ದರಿದ್ರರು, ಅಪರಾಧಿಗಳು, ಉನ್ಮತ್ತರು, ಮಂದಮತಿಗಳು ಎಲ್ಲರೂ ಒಂದೇ ಆವರಣದೊಳಗಿದ್ದರು. ತೊಗಲು ಹದಮಾಡುವ ಕಸುಬಿನ ಪ್ಯೂಸ್ಯಾಂ ಎಂಬಾತನು ಗಂಡಮಾಲೆಯ ರೋಗಿಯಾಗಿ ಅಲ್ಲಿಗೆ ಬಂದು, ಗುಣಹೊಂದಿ, ಮುಂದೆ ಉನ್ಮತ್ತರ ವಿಭಾಗದ ಮೇಲ್ವಿಚಾರಕನಾದನು. ರೋಗಿಗಳನ್ನು ಹೊಡೆಯಕೂಡದೆಂದು ಆತನು ಸೇವಕರಿಗೆ ವಿಧಿಸಿದನು. ಗುಣಹೊಂದಿದವರನ್ನೇ ಸೇವಕರನ್ನಾಗಿ ಆರಿಸಿಕೊಂಡನು. 1797ರಲ್ಲಿ ಸಂಕೋಲೆಗಳನ್ನು ತೆಗೆಯಿಸಿದನು. ಈ ಕೀರ್ತಿಯು ವೈದ್ಯನಾದ ಪಿನೆಲ್‌ಗೆ ಸಂದುದೇ ಹೆಚ್ಚು; ಆದರೆ ಬಿಸೆತ್ರ್‌ನಲ್ಲಿ ಕೈಯಾರೆ ನಡೆಯಿಸಿದವನು ಈ ಶುಶ್ರೂಷಕನು.

ಆದರೂ ಮಂದಮತಿಗಳ ವಿಷಯದಲ್ಲಿ ಆಗಿನ ವೈದ್ಯರಿಗೆ ಭರವಸೆಯಿರಲಿಲ್ಲ. ಅವೆರಾನ್ ಪ್ರಾಂತದ ಕಾಡಿನಲ್ಲಿ ದೊರೆತ ಹುಡುಗನೊಬ್ಬನನ್ನು 1800ರಲ್ಲಿ ಪ್ಯಾರಿಸ್‌ಗೆ ತಂದಾಗ, ಆತನ ಸ್ಥಿತಿ ವಾಸಿಯಾಗದೆಂದು ಪಿನೆಲ್ ನಿರ್ಣಯಿಸಿದನು. ಇತಾರ್ ಎಂಬ ತರುಣ ವೈದ್ಯನು ಅದನ್ನೊಪ್ಪದೆ ಕಿವುಡ ಮೂಗರ ಶಾಲೆಯಲ್ಲಿ ಹುಡುಗನಿಗೆ ಪಾಠ ಹೇಳಿದನು. ಊಟ ಸ್ನಾನಗಳನ್ನು ನೋಡಿಕೊಂಡವಳು ಗೆರ್ಯಾಂ ಎಂಬ ಗೃಹಿಣಿ. ಹುಡುಗನಿಗೆ ಮಾತು ಬರಲಿಲ್ಲ. ಆಕೆಯ ಪತಿ ತೀರಿಕೊಂಡ ಬಳಿಕ ಒಮ್ಮೆ ಆತನು ವಾಡಿಕೆಯಂತೆ ಯಜಮಾನನ ಊಟದ ಪಾತ್ರೆಯನ್ನು ಮೇಜಿನ ಮೇಲಿಟ್ಟನು, ಆಕೆಯು ಕಣ್ಣೀರಿಟ್ಟುದನ್ನು ಕಂಡು ಅದನ್ನು ಹಿಂದಕ್ಕೆ ತೆಗೆದಿರಿಸಿದನು, ಮುಂದೆಂದೂ ಅಲ್ಲಿಡಲಿಲ್ಲ. ಬುದ್ಧಿ ಮಂದವಾದವನ ಹೃದಯವು ಮಂದವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವೇಕೆ? ಇತಾರನು ಪಾಠ ನಿಲ್ಲಿಸಿದ ಮೇಲೆಯೂ, 1828ರಲ್ಲಿ ಆತನು ತೀರಿಕೊಳ್ಳುವವರೆಗೆ ಆಕೆಯೇ ಸಲಹಿದಳು.

ಇತಾರನ ಶಿಷ್ಯನಾದ ಸೆಗ್ಯಾಂ 1842ರಲ್ಲಿ ಬಿಸೆತ್ರ್‌ಗೆ ಬಂದು, ಮೊದಲು ಅಂಗಾಂಗಗಳಿಗೆ, ತರುವಾಯ ಇಂದ್ರಿಯಗಳಿಗೆ, ಕಡೆಗೆ ಬುದ್ಧಿಗೆ ಎಂಬ ಕ್ರಮದಿಂದ ಮಂದಮತಿ ಮಕ್ಕಳಿಗೆ ಶಿಕ್ಷಣ ಕೊಟ್ಟನು. ಬೂರ್ನ್‌ವಿಲ್ ಎಂಬ ವೈದ್ಯನ ಪ್ರಯತ್ನದಿಂದ 1878ರಲ್ಲಿ ಅಲ್ಲಿಯೇ ಶುಶ್ರೂಷಕರ ಪಾಠಶಾಲೆಯೊಂದು ತೆರೆಯಿತು. ಕಾವಲುಗಾರನ ಕೆಲಸವು ಈ ಪ್ರಕಾರ ಕಲಿತು ಮಾಡುವ ವಿದ್ಯೆಯಾಯಿತು.

ನಮ್ಮ ದೇಶದ ಕಾನೂನು ಮಾತ್ರ ಬಹುಕಾಲ ಹಳೆಯ ಗೊಂದಲವನ್ನೇ ಉಳಿಸಿಕೊಂಡಿತು. ಬ್ರಿಟಿಷ್ ಸರಕಾರದ 1912ರ ಕಾಯಿದೆಯು ಮಂದಮತಿಯನ್ನೂ ಉನ್ಮತ್ತನನ್ನೂ ಒಂದೇ ಹೆಸರಿನಡಿ ಸೇರಿಸಿತ್ತು. ಮೈಸೂರು ಸಂಸ್ಥಾನವು 1925ರಲ್ಲಿ ಬೆಂಗಳೂರಿನ ಹುಚ್ಚರ ಆಶ್ರಯಕ್ಕೆ ಮಾನಸಿಕ ಆಸ್ಪತ್ರೆಯೆಂದು ಹೆಸರಿಟ್ಟಿತು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಬೆಂಗಳೂರಿನಲ್ಲಿಯೇ ಸ್ಥಾಪಿತವಾಗಿ, ಮನೋರೋಗ ಶುಶ್ರೂಷೆಯ ಶಿಕ್ಷಣಕ್ಕೂ ಎಡೆಯಾಯಿತು. ಬುದ್ಧಿಮಾಂದ್ಯವು ರೋಗವಲ್ಲವೆಂದು 1987ರ ಕಾಯಿದೆಯೂ 2017ರ ಕಾಯಿದೆಯೂ ಬೇರ್ಪಡಿಸಿದುವು.

ಈ ಬೇರ್ಪಡಿಕೆ ನ್ಯಾಯವಾದುದೇ. ಆದರೆ ಎರಡೂ ಉಳ್ಳವನಿಗೆ ಎರಡು ಬಾಗಿಲುಗಳೂ ಮುಚ್ಚಿಹೋಗುವ ಭಯವಿದೆ. ಆತನ ಪ್ರತಿಯೊಂದು ವಿಕಾರವನ್ನೂ ಮಾಂದ್ಯದ ಮೇಲೆಯೇ ಹೊರಿಸಿ, ಮನೋರೋಗವನ್ನು ಕಾಣದೆ ಹೋಗುವ ದೋಷವನ್ನು ಅಮೆರಿಕದ ಸ್ಟೀವನ್ ರೀಸ್ ಮೊದಲಾದವರು 1982ರಲ್ಲಿ ತೋರಿಸಿಕೊಟ್ಟರು. ಹಲ್ಲುನೋವೋ ಕಿವಿನೋವೋ ಮಲಬದ್ಧತೆಯೋ ಇದ್ದರೂ ಹೇಳಲರಿಯದವನು ತಲೆಯನ್ನು ಗೋಡೆಗೆ ಬಡಿದುಕೊಳ್ಳುತ್ತಾನೆ. ಅದನ್ನು ಹಟವೆನ್ನದೆ ಕಾರಣವನ್ನು ಹುಡುಕುವವಳೇ ನಿಜವಾದ ದಾದಿ. ಚಿಕ್ಕ ವಾಕ್ಯಗಳಲ್ಲಿ ಮಾತನಾಡುವುದು, ಚಿತ್ರ ತೋರಿಸಿ ತಿಳಿಸುವುದು, ದಿನಚರಿಯನ್ನು ಕದಲಿಸದಿರುವುದು, ಉತ್ತರಕ್ಕಾಗಿ ಕಾಯುವುದು: ಇವೇ ಆಕೆಯ ಸಾಧನಗಳು.

ಇಂತಹ ಮಕ್ಕಳಿರುವ ಮನೆಗಳು ನಮ್ಮ ಊರುಗಳಲ್ಲಿಯೂ ಉಂಟು. ಮಗುವಿನ ನಡವಳಿಕೆ ಹಠಾತ್ತಾಗಿ ಮಾರ್ಪಟ್ಟರೆ ಮನೆಯವರು ಅದನ್ನು ಕರ್ಮವೆಂದು ಸುಮ್ಮನಾಗದೆ ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು. ಆತನ ರುಚಿ, ಭಯ, ಸಂಜ್ಞೆಗಳನ್ನು ದಾದಿಯರಿಗೆ ತಿಳಿಸಿಕೊಡತಕ್ಕದ್ದು. ಮಾತಿಲ್ಲದವನ ಮಾತನ್ನು ಮೊದಲು ಬಲ್ಲವರು ಮನೆಯವರೇ ಅಲ್ಲವೆ?